ಘಟ್ಟ ಹತ್ತಿ ಇಳಿಯುವವರಿಗೆ ಎಂಥ ಬೈಕು?

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲು, ಕಾರವಾರದಿಂದ ಜೋಯಿಡಾಕ್ಕೆ ಅಣಶಿ. ಉತ್ತರ ಕನ್ನಡದ ಕರಾವಳಿಯಿಂದ ದೂರದ ಊರಿಗೆ ಬೈಕಿನಲ್ಲಿ ಹೊರಟವರು ಪೂರ್ವಕ್ಕೆ ತಿರುಗಿದರೆ ಇಂಥದ್ದೊಂದು ಘಟ್ಟ ಹತ್ತಲೇಬೇಕು, ಬರುವಾಗ ಇಳಿಯಲೇಬೇಕು. ಆದರೂ ಶೋರೂಮಿನಲ್ಲಿ ಮೊದಲು ವಿಚಾರಿಸುವುದು ಸಿಸಿ ಎಷ್ಟು, ಟಾಪ್ ಸ್ಪೀಡ್ ಎಷ್ಟು ಎಂದೇ. ಇಳಿಜಾರಿನಲ್ಲಿ ಬೈಕು ಹೇಗೆ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ.

ಹತ್ತುವುದಕ್ಕೆ ಬೇಕಾದ ಶಕ್ತಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಬೈಕು 180 ಕೆ.ಜಿ., ಸವಾರ 75, ಸಾಮಾನು 25, ಒಟ್ಟು 280 ಕೆ.ಜಿ. ಎನ್ನೋಣ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಇಷ್ಟು ಭಾರ ಎತ್ತಲು 1.65 ಕಿಲೋವ್ಯಾಟ್, ಅಂದರೆ ಸುಮಾರು 2.2 ಅಶ್ವಶಕ್ತಿ ಸಾಕು. ಗಾಳಿ, ಟೈರುಗಳ ತಡೆ ಸೇರಿಸಿದರೂ ಲೆಕ್ಕ ನಾಲ್ಕು ಅಶ್ವಶಕ್ತಿ ದಾಟದು. ಅಶ್ವಶಕ್ತಿಯನ್ನು ನಿಜವಾಗಿ ತಿನ್ನುವುದು ಹೆದ್ದಾರಿ 66ರ ನೇರ ರಸ್ತೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ಹಾಗಾಗಿ 80ರಿಂದ 100ಕ್ಕೆ ಹೋದರೆ ಗಾಳಿ ಸೀಳುವ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟು. ದಿನವಿಡೀ ನೂರರಲ್ಲಿ ಓಡಬೇಕೆನ್ನುವವರಿಗೆ 30–40 ಅಶ್ವಶಕ್ತಿಯ ಬೈಕು ಸಾರ್ಥಕ. ಎಂಬತ್ತು ಸಾಕೆನ್ನುವವರಿಗೆ 20 ಧಾರಾಳ.

ಘಟ್ಟದ ತಿರುವಿನಲ್ಲಿ ಕೆಲಸಕ್ಕೆ ಬರುವುದು ಕೆಳಗಿನ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು ಕಡಿಮೆ ಇದ್ದಾಗಲೇ) ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಬಜಾಜ್ ಪಲ್ಸರ್ ಎನ್‌ಎಸ್ 200 ಸುಮಾರು 24 ಅಶ್ವಶಕ್ತಿ ಕೊಡುತ್ತದೆ, ಆದರೆ 9750 ಆರ್‌ಪಿಎಂನಲ್ಲಿ. ಅದರ ಗರಿಷ್ಠ ಟಾರ್ಕ್ ಸುಮಾರು 18.7 ನ್ಯೂಟನ್ ಮೀಟರ್, ಅದೂ 8000ದಲ್ಲಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಶಕ್ತಿ 20 ಮಾತ್ರ, ಟಾರ್ಕ್ 4000ದಲ್ಲೇ 27. ಗೇರ್‌ಬಾಕ್ಸ್ ಟಾರ್ಕನ್ನು ಹಿಗ್ಗಿಸುವುದರಿಂದ ಸಣ್ಣ ಎಂಜಿನ್ನೂ ಘಟ್ಟ ಹತ್ತುತ್ತದೆ, ಸಂಶಯ ಬೇಡ. ತೊಂದರೆ ಬರುವುದು ಮುಂದೆ ಲಾರಿ ತೆವಳುತ್ತಿರುವ ತಿರುವಿನಲ್ಲಿ. ಆರ್‌ಪಿಎಂ ಕುಸಿಯುತ್ತದೆ, ಗೇರು ಇಳಿಸಲು ತಡವಾಗುತ್ತದೆ, ಸವಾರ ಅರ್ಧ ಕ್ಲಚ್ ಹಿಡಿಯುತ್ತಾನೆ. ಪ್ಲೇಟುಗಳು ಉಜ್ಜಿಕೊಂಡು ಸುಟ್ಟ ವಾಸನೆ ಬರುವುದು, ಕ್ಲಚ್ ಲಿವರಿನ ಹಿಡಿತ ಬದಲಾಗುವುದು ಆಗಲೇ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರು ಟಾರ್ಕ್ ಎಷ್ಟು ಎನ್ನುವುದರ ಜೊತೆಗೆ ಅದು ಎಷ್ಟು ಆರ್‌ಪಿಎಂನಲ್ಲಿ ಎಂದೂ ಕೇಳಿಕೊಳ್ಳಬೇಕು.

ಇನ್ನು ಇಳಿಯುವ ಮಾತು. ಅದೇ 280 ಕೆ.ಜಿ. 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 13.7 ಲಕ್ಷ ಜೂಲ್. ನಾಲ್ಕು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಬ್ರೇಕನ್ನೇ ನಂಬಿ ಇಳಿದರೆ ಇದರಲ್ಲಿ ಬಹುಪಾಲು ಡಿಸ್ಕ್ ಮತ್ತು ಪ್ಯಾಡುಗಳಿಗೆ ಶಾಖವಾಗಿ ಸೇರುತ್ತದೆ. ಪ್ಯಾಡ್ ಅತಿಯಾಗಿ ಕಾದರೆ ಹಿಡಿತ ಸಡಿಲ. ಶಾಖ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ದಾಟಿ ಬ್ರೇಕ್ ಆಯಿಲ್ ಕುದಿದರೆ ಕಥೆ ಬೇರೆಯೇ: ಆವಿಯ ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಲಿವರ್ ಮೆತ್ತಗಾಗಿ ಹ್ಯಾಂಡಲಿಗೇ ಬಂದು ತಾಗುತ್ತದೆ, ಬೈಕು ನಿಲ್ಲುವುದಿಲ್ಲ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ತಾನಾಗಿಯೇ ಹೀರುವಂಥದ್ದು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ಮುಂದೂಡಲೇಬಾರದು. ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವವರು ಮೊದಲು ಮಾಡಿಸಬೇಕಾದ ಕೆಲಸವೂ ಇದೇ. ಆಯಿಲ್ ಡಬ್ಬಿಯ ಗಾಜಿನಲ್ಲಿ ಬಣ್ಣ ಕಾಫಿಯಂತೆ ಕಂದಾಗಿದ್ದರೆ ಹಿಂದಿನವರು ಅದನ್ನು ಮುಟ್ಟಿಲ್ಲವೆಂದೇ ಲೆಕ್ಕ.

ಬ್ರೇಕಿನ ಭಾರ ಇಳಿಸುವುದು ಎಂಜಿನ್. ಥ್ರಾಟಲ್ ಮುಚ್ಚಿದಾಗ ಗಾಳಿ ಒಳಗೆ ಬರಲು ದಾರಿ ಕಿರಿದಾಗುತ್ತದೆ. ಪಿಸ್ಟನ್ ಆ ನಿರ್ವಾತದ ವಿರುದ್ಧ ಎಳೆದಾಡಬೇಕು, ಒಳಗಿನ ಘರ್ಷಣೆಯೂ ಸೇರಿ ಚಕ್ರವನ್ನು ಹಿಂದಕ್ಕೆ ಹಿಡಿಯುತ್ತದೆ. ಕೆಳಗಿನ ಗೇರಿನಲ್ಲಿ ಈ ಹಿಡಿತ ಹೆಚ್ಚು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಚಾಲಕರ ಮಾತಿಗೆ ಆಧಾರ ಇದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯ, ಉಳಿತಾಯವೂ ಇಲ್ಲ: ಫ್ಯೂಯಲ್ ಇಂಜೆಕ್ಷನ್ ಬೈಕುಗಳಲ್ಲಿ ಗೇರಿನಲ್ಲಿದ್ದು ಥ್ರಾಟಲ್ ಮುಚ್ಚಿದರೆ ಸಾಮಾನ್ಯವಾಗಿ ಇಂಧನ ನಿಂತೇಹೋಗುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗಾದರೂ ಬೇಕಾಗುತ್ತದೆ. ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಎರಡು ಗೇರು ಇಳಿಸಿದರೆ ಹಿಂದಿನ ಚಕ್ರ ಜಾರುವುದುಂಟು. ಗೇರು ಇಳಿಸಿದಾಗ ತಾನೇ ಸ್ವಲ್ಪ ಜಾರಿ ಚಕ್ರದ ಮೇಲಿನ ಎಳೆತ ತಗ್ಗಿಸುವ ಸ್ಲಿಪ್ಪರ್ ಕ್ಲಚ್ ಇರುವ ಬೈಕಿನಲ್ಲಿ ಈ ಭಯ ಕಡಿಮೆ.

125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಸಿಂಗಲ್ ಚಾನೆಲ್ ಕಾಯುವುದು ಮುಂದಿನ ಚಕ್ರವನ್ನಷ್ಟೇ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗಿರುತ್ತದೆ, ಲಾಕ್ ಆಗುವುದು ಅದೇ ಬೇಗ. ನಾಲ್ಕು ಕಾಸು ಹೆಚ್ಚಾದರೂ ಎರಡೂ ಚಕ್ರ ಕಾಯುವ ಡ್ಯುಯಲ್ ಚಾನೆಲ್ ಕೊಳ್ಳುವುದು ಒಳ್ಳೆಯದು. ಅಲಂಕಾರದ ಸಾಮಾನಿನಲ್ಲಿ ಆ ದುಡ್ಡು ಉಳಿಸಬಹುದು.

ತೂಕವನ್ನೂ ಕೈಯಾರೆ ನೋಡಬೇಕು. ಹೀರೋ ಎಕ್ಸ್‌ಪಲ್ಸ್ 200ರ ತೂಕ 160 ಕೆ.ಜಿ. ಆಸುಪಾಸು, ಕ್ಲಾಸಿಕ್‌ನದು 195. ಮಳೆಗಾಲದಲ್ಲಿ ರಸ್ತೆ ಬದಿಯ ಕೆಂಪು ರಾಡಿಯಲ್ಲಿ ಮಗುಚಿದ ಬೈಕನ್ನು ಒಬ್ಬರೇ ಎತ್ತುವಾಗ ಆ 35 ಕೆ.ಜಿ. ಎಷ್ಟೆಂದು ತಿಳಿಯುತ್ತದೆ. ಹಗುರವಾದ ಎಕ್ಸ್‌ಪಲ್ಸ್‌ನ ಸೀಟು 825 ಮಿ.ಮೀ. ಎತ್ತರ, ಗಿಡ್ಡ ಸವಾರರಿಗೆ ಕಾಲು ಊರಲು ಕಷ್ಟ, ಕ್ಲಾಸಿಕ್‌ನದು 805. ಸಮತಟ್ಟು ಶೋರೂಮಿನಲ್ಲಿ ಕೂತು ನೋಡಿದರೆ ಸಾಲದು, ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಕು.

ಟೈರು ಟ್ಯೂಬ್‌ಲೆಸ್ ಇದ್ದರೆ ಪಂಕ್ಚರನ್ನು ರಸ್ತೆ ಬದಿಯಲ್ಲೇ ಪ್ಲಗ್ ಹಾಕಿ ಮುಚ್ಚಬಹುದು, ಚಕ್ರ ಬಿಚ್ಚುವ ರಗಳೆ ಇಲ್ಲ. ಕಡಲ ತೀರದಲ್ಲಿ ಇಡುವ ಬೈಕಿನ ಚೈನಿಗೆ ಉಪ್ಪುಗಾಳಿ ಶತ್ರು. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ದಿನವೇ ಇನ್ನೊಮ್ಮೆ, ಸೀಮೆಎಣ್ಣೆಯಲ್ಲಿ ಒರೆಸಿ ಲ್ಯೂಬ್ ಹಾಕಬೇಕು. ಪೆಟ್ರೋಲ್ ಬೇಡ, ಚೈನಿನ ಕೊಂಡಿಗಳಲ್ಲಿರುವ ಓ-ರಿಂಗಿನ ರಬ್ಬರ್ ಹಾಳಾಗುತ್ತದೆ. ಸಾಮಾನಿನ ಭಾರ ಹಿಂದಿನ ಆ್ಯಕ್ಸಲ್‌ಗಿಂತ ಹಿಂದಕ್ಕೆ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅದುರುತ್ತದೆ, ಆದ್ದರಿಂದ ಭಾರದ್ದನ್ನು ಸೀಟಿನ ಎರಡೂ ಬದಿಗೆ ತಗ್ಗಿನಲ್ಲಿ ಕಟ್ಟುವುದು. ಅಣಶಿಯ ಕಾಡಿನ ದಾರಿಯಲ್ಲಿ ಅಂಗಡಿ ಸಿಗದು. ಒಂದು ಕ್ಲಚ್ ಕೇಬಲ್, ಒಂದು ಜೊತೆ ಮುಂದಿನ ಬ್ರೇಕ್ ಪ್ಯಾಡ್, ಪ್ಲಗ್ ಕಿಟ್, ಗಾಳಿ ಪಂಪು ಜೊತೆಗಿರಲಿ.