ಮುರಕಲ್ಲಿನ ನೀರು, ಕುದಿಯುವ ಗೀಸರ್

ಗೀಸರಿನ ಬಿಸಿ ನಿಗದಿ ಮಾಡುವ ಗುಂಡಿ 60 ಡಿಗ್ರಿಯಲ್ಲೇ ಇದೆ. ಆದರೂ ನಳ್ಳಿ ತಿರುಗಿಸಿದೊಡನೆ ಹಬೆ ಬುಸುಗುಡುತ್ತದೆ, ಗೀಸರಿನ ಹೊಟ್ಟೆಯೊಳಗೆ ಗುಡುಗುಡು ಸದ್ದು. ಮೊಬೈಲಿನಲ್ಲಿ ಕಾರಣ ಹುಡುಕಿದರೆ ಮೊದಲು ಸಿಗುವ ಉತ್ತರ ‘ಕಾಯಿಲಿಗೆ ಸುಣ್ಣ ಕಟ್ಟಿದೆ, ತೊಳೆಸಿ’ ಎಂಬುದು. ಬಯಲುಸೀಮೆಯ ಕೊಳವೆಬಾವಿಯ, ಸುಣ್ಣದಂಶ ಹೆಚ್ಚಿರುವ ಗಡಸು ನೀರಿಗೆ ಈ ಮಾತು ಹೊಂದೀತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರಿನ ಗುಡ್ಡದ ಮನೆಗಳಿಗೆ ಅಷ್ಟಾಗಿ ಹೊಂದದು.

ಆ ಗುಡ್ಡಗಳ ಮುರಕಲ್ಲು (ಲ್ಯಾಟರೈಟ್) ಎಂದರೆ ಮಳೆಯಲ್ಲಿ ತೊಳೆದು ತೊಳೆದು ಉಳಿದ ಕಲ್ಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಕಾಸರಗೋಡಿನಲ್ಲಿ ಕಲ್ಲಿನ ಸುಣ್ಣದಂಶ ಎಂದೋ ಕರಗಿ ಹೋಗಿದೆ. ಉಳಿದದ್ದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಹಾಗಾಗಿ ಇಲ್ಲಿನ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಮತ್ತು ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅದು ಲೋಹದ ಮೇಲೆ ಪದರ ಕಟ್ಟುವುದಿಲ್ಲ, ಲೋಹವನ್ನೇ ತಿನ್ನುತ್ತದೆ. ಗೀಸರಿನೊಳಗೆ ಮೆಗ್ನೀಸಿಯಂ ಸರಳೊಂದನ್ನು ಇಟ್ಟಿರುವುದೇ ಟ್ಯಾಂಕಿಗೆ ಬದಲಾಗಿ ಅದು ಸವೆಯಲಿ ಎಂದು. ಸರಳು ಮುಗಿದ ಮೇಲೆ ಸರದಿ ಟ್ಯಾಂಕಿನದು, ಕಾಯಿಲಿನ ಹೊರಕವಚದ್ದು.

ನೀರು ಅತಿಯಾಗಿ ಕಾಯುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಥರ್ಮೋಸ್ಟಾಟನ್ನು, ಅಂದರೆ ನೀರು ಬೇಕಾದಷ್ಟು ಕಾದೊಡನೆ ವಿದ್ಯುತ್ ಕಡಿಯುವ ಭಾಗವನ್ನು. ಹಲವು ಗೀಸರುಗಳಲ್ಲಿ ಅದು ಪೆನ್ಸಿಲಿಗಿಂತ ತೆಳುವಾದ ತಾಮ್ರದ ಗುಳಿಗೆ, ಅದರಿಂದ ಹೊರಟ ಕೂದಲಿನಂಥ ಕೊಳವೆ, ತುದಿಯಲ್ಲೊಂದು ಪುಟ್ಟ ಸ್ವಿಚ್. ಗುಳಿಗೆಯೊಳಗಿನ ದ್ರವ ಬಿಸಿಗೆ ಹಿಗ್ಗಿ ತೆಳು ತಗಡನ್ನು ತಳ್ಳಿದಾಗ ಸ್ವಿಚ್ ಬಿಡುತ್ತದೆ. ಕೊಳವೆ ಎಲ್ಲೋ ಸೀಳಿ ದ್ರವ ಸೋರಿತೆನ್ನಿ, ತಳ್ಳುವವರೇ ಇಲ್ಲ. ನೀರು ಕುದಿಯುತ್ತಿದ್ದರೂ ತಣ್ಣಗಿದೆ ಎಂದೇ ಅದರ ಲೆಕ್ಕ. ಗುಳಿಗೆ ತನ್ನ ಗೂಡಿನಿಂದ ಜಾರಿದರೂ ಇದೇ ಕಥೆ. ಇನ್ನೊಂದು ರೋಗ, 2000 ವಾಟಿನ ಕಾಯಿಲು ಎಳೆಯುವ ಸುಮಾರು 9 ಆಂಪಿಯರಿನ ಕಿಡಿಗೆ ಸ್ವಿಚ್ಚಿನ ತುದಿಗಳು ಬೆಸೆದುಕೊಳ್ಳುವುದು. ಮುಖ್ಯ ಸ್ವಿಚ್ ಆರಿಸಿ, ತಂತಿ ಬಿಚ್ಚಿ, ನೀರು ಬಿಸಿ ಇರುವಾಗಲೇ ಗುಂಡಿಯನ್ನು ಕನಿಷ್ಠಕ್ಕೆ ಇಳಿಸಿ, ಸ್ವಿಚ್ಚಿನ ತುದಿಗಳಿಗೆ ಮಲ್ಟಿಮೀಟರ್ ಇಟ್ಟು ನೋಡಿದರೆ ಸಾಕು: ಆಗಲೂ ಸಂಪರ್ಕ ಕಡಿಯದಿದ್ದರೆ ಥರ್ಮೋಸ್ಟಾಟ್ ಬದಲಿಸಿ. ರಿಪೇರಿ ಮಾಡಿಸಲು ಹೋಗಬೇಡಿ, ಅದು ಅಂಥ ದುಬಾರಿ ವಸ್ತುವಲ್ಲ.

ತಲೆ ಕೆಡಿಸುವುದು ಥರ್ಮೋಸ್ಟಾಟ್ ಸರಿಯಿದ್ದೂ ನೀರು ಕುದಿಯುವ ಪ್ರಕರಣ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅದಲುಬದಲಾಗಿ, ಥರ್ಮೋಸ್ಟಾಟ್ ನ್ಯೂಟ್ರಲನ್ನು ಮಾತ್ರ ಕಡಿಯುತ್ತಿದೆ ಎಂದಿಟ್ಟುಕೊಳ್ಳಿ. ಆಮ್ಲೀಯ ನೀರು ಕಾಯಿಲಿನ ಕವಚವನ್ನು ತೂತು ಮಾಡಿದೆ. ಈಗ ‘ಟಕ್’ ಎಂದು ಸ್ವಿಚ್ ಬಿಟ್ಟರೂ ಫೇಸಿನಿಂದ ಹೊರಟ ವಿದ್ಯುತ್ ಕವಚದೊಳಗಿನ ತಂತಿಸುರುಳಿಯಲ್ಲಿ ಹಾದು ತೂತಿನ ಮೂಲಕ ಅರ್ತಿಗೆ ಇಳಿಯುತ್ತಲೇ ಇರುತ್ತದೆ, ಸುರುಳಿ ಕಾಯುತ್ತಲೇ ಇರುತ್ತದೆ. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇದ್ದರೆ ಅದು ಕೂಡಲೇ ಬೀಳುತ್ತದೆ. ಪದೇ ಪದೇ ಬೀಳುವ ಆರ್‌ಸಿಸಿಬಿಯನ್ನು ಪೀಡೆಯೆಂದು ತಪ್ಪಿಸಿ ತಂತಿ ಎಳೆಯುವ ಬುದ್ಧಿವಂತರಿಗೆ ಏನು ಹೇಳೋಣ!

ಥರ್ಮೋಸ್ಟಾಟಿನ ಬೆನ್ನಿಗೆ ಇನ್ನೊಬ್ಬ ಕಾವಲುಗಾರನಿದ್ದಾನೆ, ಥರ್ಮಲ್ ಕಟೌಟ್. ನೀರು ಕುದಿಯುವ ಮುನ್ನವೇ ಅದು ಸಂಪರ್ಕ ಕಡಿಯಬೇಕು. ಕೆಲವದರಲ್ಲಿ ಪುಟ್ಟ ಗುಂಡಿಯನ್ನು ಕೈಯಿಂದ ಒತ್ತದೆ ಸಂಪರ್ಕ ಮತ್ತೆ ಕೂಡಿಕೊಳ್ಳದು. ಆದ್ದರಿಂದ ಹಬೆ ಬಂತೆಂದರೆ ಕೆಟ್ಟಿರುವುದು ಒಂದಲ್ಲ, ಎರಡು. ಥರ್ಮೋಸ್ಟಾಟ್ ಮಾತ್ರ ಬದಲಿಸಿ ಹೊರಡುವವರನ್ನು ತಡೆದು, ಕಟೌಟಿಗೆ ಏನಾಗಿದೆ ಎಂದು ಕೇಳಲೇಬೇಕು. ಹಿಂದೆ ಯಾರೋ ಅದನ್ನು ತುಂಡು ತಂತಿಯಿಂದ ಜೋಡಿಸಿಟ್ಟಿರುವುದೂ ಉಂಟು.

ಬಚ್ಚಲಿನ ತಾಮ್ರದ ಹಂಡೆಯ ಒಲೆಗೆ ತೆಂಗಿನ ಮಡಲು, ಗೆರಟೆ ಎಷ್ಟೇ ತುರುಕಿದರೂ ನೀರು 100 ಡಿಗ್ರಿ ದಾಟದು. ಬಾಯಿ ತೆರೆದಿರುವುದರಿಂದ ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಮುಚ್ಚಿದ ಟ್ಯಾಂಕಿಗೆ ಆ ದಾರಿಯಿಲ್ಲ. 2000 ವಾಟಿನಲ್ಲಿ 15 ಲೀಟರ್ ನೀರು 27ರಿಂದ 60 ಡಿಗ್ರಿಗೇರಲು ಸುಮಾರು 17 ನಿಮಿಷ ಬೇಕು. ಯಾರೂ ತಡೆಯದಿದ್ದರೆ 40 ನಿಮಿಷದೊಳಗೆ 100. ಗುಡ್ಡದ ಮೇಲಿನ ಟ್ಯಾಂಕು ಗೀಸರಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಆ ಒತ್ತಡದಲ್ಲಿ ನೀರು ಕುದಿಯುವುದೇ 120 ಡಿಗ್ರಿಗೆ. ಆಗ ಟ್ಯಾಂಕು ಒಡೆದರೆ ಅರ್ಧ ಲೀಟರಿನಷ್ಟು ನೀರು ಒಮ್ಮೆಲೇ ಹಬೆಯಾಗಿ 900 ಲೀಟರಿನಷ್ಟು ಜಾಗ ಕೇಳುತ್ತದೆ. ಹಬೆ ಕಂಡರೆ ಫಲಕದಲ್ಲಿರುವ ಗೀಸರಿನ ಎಂಸಿಬಿ ಸ್ವಿಚ್ ಆರಿಸಿ, ಬಚ್ಚಲಿನಿಂದ ಹೊರಬನ್ನಿ. ತಣಿಯುವ ತನಕ ಬಿಸಿನೀರಿನ ನಳ್ಳಿ ಮುಟ್ಟಬೇಡಿ.

ಕೊನೆಯ ರಕ್ಷಣೆ, ಒತ್ತಡ ಮೀರಿದಾಗ ತಾನೇ ತೆರೆದು ನೀರು ಹೊರಬಿಡುವ ಸೇಫ್ಟಿ ವಾಲ್ವ್. 15 ಲೀಟರ್ ನೀರು 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯಿದ್ದರೆ ಅಷ್ಟು ನೀರು ವಾಲ್ವಿನಿಂದಲೇ ಹನಿಯಬೇಕು. ಕಾಯುವಾಗಿನ ಆ ತೊಟ್ಟಿಕ್ಕುವಿಕೆ ಸೋರಿಕೆಯಲ್ಲ. ನೆಲ ಒದ್ದೆಯಾಗುತ್ತದೆಂದು ಅಲ್ಲಿಗೆ ಮುಚ್ಚಳ ಬಿಗಿಸಿದ್ದರೆ ಇವತ್ತೇ ತೆಗೆಸಿ, ಬಚ್ಚಲಿನ ಮೋರಿಯವರೆಗೆ ಕೊಳವೆಯೊಂದನ್ನು ಇಳಿಬಿಡಿ.