ಆತ್ಮರಕ್ಷಣೆ ಅಂದ ಮಾತ್ರಕ್ಕೆ ಪೂರ್ತಿ ಹೊರೆ ನಿಮ್ಮದಲ್ಲ

ಕೊಲೆ ಕೇಸಿನ ಅಪೀಲಿಗೆ ಬರುವ ಮನೆಯವರು ಹೇಳುವ ಮಾತು ಒಂದೇ: 'ಆತ್ಮರಕ್ಷಣೆ ಅಂತ ಸಾಬೀತು ಮಾಡೋಕಾಗ್ಲಿಲ್ಲ ಸರ್, ಅದಕ್ಕೇ ಶಿಕ್ಷೆ ಆಯ್ತು.' ಸ್ವಲ್ಪ ಓದಿಕೊಂಡವರಾದರೆ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸನ್ನೂ ಎಳೆದು ತರುತ್ತಾರೆ. ಸಿನಿಮಾ ನೋಡಿರುತ್ತಾರೆ, ತೀರ್ಪು ಓದಿರುವುದಿಲ್ಲ.

1959ರಲ್ಲಿ ಬಾಂಬೆಯ ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಜನಸಾಮಾನ್ಯರ ತಂಡ) 8-1ರಲ್ಲಿ ನಾನಾವತಿ ತಪ್ಪಿತಸ್ಥನಲ್ಲ ಎಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಕೇಸನ್ನು ಹೈಕೋರ್ಟಿಗೆ ಕಳಿಸಿದರು. ಕಿತ್ತಾಟದಲ್ಲಿ ರಿವಾಲ್ವರ್ ಅಕಸ್ಮಾತ್ತಾಗಿ ಹಾರಿತು ಎನ್ನುವುದು ಆತನ ವಾದ. ಅದನ್ನು ತೋರಿಸುವ ಹೊಣೆ ಆರೋಪಿಯದು ಎಂದು ಜ್ಯೂರಿಗೆ ತಿಳಿಸಿರಲಿಲ್ಲ. ಹೈಕೋರ್ಟ್ ಹಿಡಿದ ತಪ್ಪುಗಳಲ್ಲಿ ಅದೂ ಒಂದು. ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ!

ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಇನ್ನೊಂದು ಮಾತು ಬಿಡಿಸಿ ಹೇಳಿದ್ದಾರೆ. ಅಪರಾಧ ಸಾಬೀತು ಮಾಡುವ ಹೊರೆ ಮೊದಲಿಂದ ಕೊನೆವರೆಗೂ ಸರ್ಕಾರದ್ದೇ. ಆತ್ಮರಕ್ಷಣೆ, ಅಕಸ್ಮಾತ್ತು ಅಂತ ವಿನಾಯಿತಿ ಕೇಳಿದ ಆರೋಪಿಯ ಮೇಲೆ ಬೀಳುವುದು ಬೇರೆ ಹೊರೆ, ಹಗುರವಾದದ್ದು. ತಾನು ಹೇಳಿದಂತೆ ನಡೆದಿರುವ ಸಾಧ್ಯತೆಯೇ ಜಾಸ್ತಿ ಎಂದು ಕಂಡರೆ ಸಾಕು. ಅಷ್ಟೂ ಆಗಲಿಲ್ಲ ಅಂದುಕೊಳ್ಳಿ. ಆಗಲೂ ಅದೇ ಸಾಕ್ಷ್ಯದಿಂದ 'ಕೊಲ್ಲುವ ಉದ್ದೇಶ ಇತ್ತಾ?' ಎಂಬ ಅನುಮಾನ ಹುಟ್ಟಿದರೆ ಲಾಭ ಆರೋಪಿಗೆ. ಅಂದರೆ ಆತ್ಮರಕ್ಷಣೆ ಬಿದ್ದುಹೋದರೂ ಸರ್ಕಾರದ ಕೇಸು ತಾನಾಗಿ ಗೆಲ್ಲುವುದಿಲ್ಲ. ಜ್ಯೂರಿ ಹೋಯಿತು, ಈ ಹೊರೆಯ ಬಗ್ಗೆ ಹೇಳುವ ಸಾಕ್ಷ್ಯ ಕಾಯ್ದೆಯ 105ನೇ ಸೆಕ್ಷನ್ ಹೊಸ ಕಾನೂನಿನಲ್ಲಿ 108 ಆಯಿತು. ಲೆಕ್ಕ ಮಾತ್ರ ಬದಲಾಗಿಲ್ಲ.

ಬದುವಿನ ಜಗಳದ ಒಂದು ಅಪೀಲು. ಮನೆಯವರದು ಒಂದೇ ಹಟ, 'ಚಿಕ್ಕಪ್ಪನ್ನ ಈಗ ಸಾಕ್ಷಿ ಹಾಕ್ಸಿ ಸರ್.' ಅಪೀಲಿನಲ್ಲಿ ಹೊಸ ಸಾಕ್ಷಿ ಅಷ್ಟು ಸುಲಭವಲ್ಲ ಎಂದರೆ ಮುಖ ಸಣ್ಣದಾಯಿತು, ಪಾಪ. ಬೇಕಾದದ್ದು ಫೈಲಿನಲ್ಲೇ ಇತ್ತು. ಆರೋಪಿಯ ತಲೆಗೆ ಹೊಲಿಗೆ ಬಿದ್ದಿದ್ದ ಗಾಯದ ಸರ್ಟಿಫಿಕೇಟ್. 'ದೊಣ್ಣೆ ಏಟಿನಿಂದ ಆಗಿರಬಹುದು' ಎಂದು ಸರ್ಕಾರಿ ಡಾಕ್ಟರೇ ಪಾಟಿಸವಾಲಿನಲ್ಲಿ ಒಪ್ಪಿದ್ದರು. ಆ ಏಟು ಹೇಗೆ ಬಿತ್ತು ಎಂದು ಸರ್ಕಾರದ ಸಾಕ್ಷಿಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ನಮ್ಮ ಪರ ಸಾಕ್ಷ್ಯವನ್ನು ನಾವೇ ತರಬೇಕೆಂದಿಲ್ಲ. ಅವರ ಸಾಕ್ಷಿ ಬಾಯಿಂದ ಬಂದರೂ ಆಗುತ್ತದೆ.

ಹಾಗಂತ ಪರಚಿದ ಗಾಯ ತೋರಿಸಿ ಬಿಡುಗಡೆ ಆಗುತ್ತದೆ ಅಂದುಕೊಳ್ಳಬೇಡಿ. ಬೇಕಾದದ್ದಕ್ಕಿಂತ ಹೆಚ್ಚು ಹೊಡೆದಿದ್ದರೆ ಕೊಲೆ ಹೋಗಿ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಇಳಿಯಬಹುದು, ಅಷ್ಟೇ. ಒಂದೊಂದು ಕೇಸು ಒಂದೊಂದು ಥರ. ವಕೀಲರ ಹತ್ತಿರ ಹೋಗುವಾಗ ಸುಮ್ನೆ ತೀರ್ಪೊಂದನ್ನೇ ಹಿಡಿದು ಹೋಗಬೇಡಿ. ಡಾಕ್ಟರ ಹೇಳಿಕೆ, ಗಾಯದ ಸರ್ಟಿಫಿಕೇಟ್, ಕೋರ್ಟು ಆರೋಪಿಯನ್ನೇ ಕೇಳಿ ಬರೆದುಕೊಂಡ 313 ಹೇಳಿಕೆ (ಹೊಸ ಕಾನೂನಿನಲ್ಲಿ 351), ಎಲ್ಲದರ ನಕಲೂ ಇರಲಿ.