ಉಂಗುರ ಬೆರಳು ಯಾಕೆ ಮಾತು ಕೇಳುವುದಿಲ್ಲ?

ಅಂಗೈಯನ್ನು ಮೇಜಿನ ಮೇಲೆ ಊರಿ. ನಡುಬೆರಳನ್ನು ಮಾತ್ರ ಅಂಗೈ ಕೆಳಗೆ ಮಡಚಿ. ಈಗ ತೋರುಬೆರಳು ಎತ್ತಿ. ಏಳುತ್ತದೆ. ಕಿರುಬೆರಳೂ ಏಳುತ್ತದೆ. ಉಂಗುರ ಬೆರಳು ಎತ್ತಿ ನೋಡಿ. ಅಂಟು ಹಾಕಿದ ಹಾಗೆ ಕೂತುಬಿಡುತ್ತದೆ, ಅಲ್ವಾ?

44ನೇ ವಯಸ್ಸಿನಲ್ಲಿ ಕ್ಲಾಸಿಕಲ್ ಗಿಟಾರ್ ಹಿಡಿದ ಮೇಲೆಯೇ ನನಗೆ ಈ ಬೆರಳಿನ ಸ್ವಭಾವ ಗೊತ್ತಾಗಿದ್ದು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ಅರ್ಧ ಗಂಟೆ ಅಭ್ಯಾಸ. ಈ ಗಿಟಾರಿಗೆ ಪಿಕ್ ಬೇಡ, ನೈಲಾನ್ ತಂತಿಗಳನ್ನು ಬಲಗೈ ಬೆರಳುಗಳೇ ಮೀಟಬೇಕು. ದಪ್ಪ ತಂತಿಗಳು ಹೆಬ್ಬೆರಳಿಗೆ. ಎಲ್ಲಕ್ಕಿಂತ ತೆಳುವಾದ ಮೊದಲ ತಂತಿ ಸಾಮಾನ್ಯವಾಗಿ ಉಂಗುರ ಬೆರಳಿನ ಪಾಲು. ಹಾಡಿನ ಧಾಟಿ ಹೆಚ್ಚಾಗಿ ಅದರ ಮೇಲೆಯೇ ಓಡುತ್ತದೆ. ಮೀಟಿದ ಬೆರಳು ತಕ್ಷಣ ಬಿಚ್ಚಿಕೊಂಡು ಮತ್ತೆ ಸಿದ್ಧವಾಗಬೇಕು. ನನ್ನದು ಪ್ರತಿ ಸಲ ತಡ.

ಅದು ಸೋಮಾರಿತನ ಅಲ್ಲ. ಬೆರಳನ್ನು ಬಿಚ್ಚುವ ಸ್ನಾಯುರಜ್ಜುಗಳು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು) ಕೈಯ ಹಿಂಬದಿಯಲ್ಲಿ ಸಣ್ಣ ಪಟ್ಟಿಗಳಿಂದ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಉಂಗುರ ಬೆರಳಿನದಕ್ಕೆ ಎರಡೂ ಪಕ್ಕದಲ್ಲಿ ಈ ಕಟ್ಟು. ತೋರುಬೆರಳು, ಕಿರುಬೆರಳುಗಳಿಗೆ ತಮ್ಮದೇ ಆದ ಇನ್ನೊಂದು ಸ್ನಾಯು ಜಾಸ್ತಿ ಇದೆ. ಉಂಗುರ ಬೆರಳಿಗೆ ಆ ಭಾಗ್ಯ ಇಲ್ಲ. ಜೊತೆಗೆ ಮಿದುಳಿನಲ್ಲೂ ಬೆರಳುಗಳನ್ನು ಆಡಿಸುವ ಜಾಗಗಳು ಒಂದರ ಮೇಲೊಂದು ಹಬ್ಬಿಕೊಂಡಿವೆ.

ಪಟ್ಟಿಗಳನ್ನು ಅಭ್ಯಾಸದಿಂದ ಬಿಡಿಸಲು ಆಗದು. ಮಿದುಳನ್ನು ಮಾತ್ರ ತಿದ್ದಬಹುದು. ಆದರೆ ಈ ವಯಸ್ಸಿನಲ್ಲಿ?

1995ರಲ್ಲಿ ಥಾಮಸ್ ಎಲ್ಬರ್ಟ್ ಎಂಬ ವಿಜ್ಞಾನಿಯ ತಂಡ 9 ಮಂದಿ ತಂತಿವಾದ್ಯಗಾರರ ಮಿದುಳು ನೋಡಿತು. ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಜಾಗ ಅವರಲ್ಲಿ ದೊಡ್ಡದಿತ್ತು. ಚಿಕ್ಕಂದಿನಲ್ಲೇ ಕಲಿತವರಲ್ಲಿ ಇನ್ನೂ ದೊಡ್ಡದು. ಇದನ್ನು ಓದಿದ ದಿನ ನನಗೆ ಸಂಕಟವಾಗಿತ್ತು. ಅದೇ ವರ್ಷ ಅಲ್ವಾರೊ ಪಾಸ್ಕುವಾಲ್-ಲಿಯೋನೆ ತಂಡ, ಪಿಯಾನೊ ಬಾರದ ದೊಡ್ಡವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟಿತು. ದಿನಕ್ಕೆ 2 ಗಂಟೆ, 5 ದಿನ. ಅಷ್ಟರಲ್ಲೇ ಮಿದುಳಿನಲ್ಲಿ ಆ ಬೆರಳುಗಳನ್ನು ಆಡಿಸುವ ಜಾಗ ಹಿಗ್ಗಿತ್ತು.

ನನಗೆ ತುಂಬಾ ಹಿಡಿಸಿದ್ದು ಅದೇ ಪ್ರಯೋಗದ ಇನ್ನೊಂದು ಗುಂಪಿನ ಕಥೆ. ಅವರು ಪಿಯಾನೊ ಮುಂದೆ ಸುಮ್ನೆ ಕೂತು, ನುಡಿಸುತ್ತಿದ್ದೇವೆ ಎಂದು ಮನಸ್ಸಿನಲ್ಲೇ ಅಂದುಕೊಂಡರು. ಬೆರಳು ಅಲ್ಲಾಡಿಸಲಿಲ್ಲ. ಅವರ ಮಿದುಳಿನಲ್ಲೂ ಹೆಚ್ಚುಕಡಿಮೆ ಅದೇ ಬದಲಾವಣೆ! ನುಡಿಸುವುದರಲ್ಲಿ ಮೊದಲ ಗುಂಪಿಗಿಂತ ಹಿಂದಿದ್ದರು. ಆಮೇಲೆ 2 ಗಂಟೆ ಕೈಯಿಂದ ನುಡಿಸಿದ್ದೇ ತಡ, ಮೊದಲ ಗುಂಪಿನ ಸಮಕ್ಕೆ ಬಂದರು.

ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಕೈ ಆಡಿಸಲೂ ಜಾಗ ಇರುವುದಿಲ್ಲ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಬ್ಯಾಗಿನ ಮೇಲೆ. ದಿವಾ ಸ್ಟೇಷನ್ ದಾಟಿದ ಮೇಲೆ ಕಣ್ಣು ಮುಚ್ಚುತ್ತೇನೆ. ಹೆಬ್ಬೆರಳು, ತೋರು, ನಡು, ಉಂಗುರ. ಮತ್ತೆ ಮೊದಲಿಂದ. ಠಾಣೆ ಬರುವವರೆಗೆ ಮನಸ್ಸಿನಲ್ಲಿ ಮೊದಲ ತಂತಿ ಸರಿಯಾದ ಹೊತ್ತಿಗೆ ನುಡಿಯುತ್ತಿರುತ್ತದೆ.